ಗೂಳೂರಿನ ಗ್ರಂಥದಲ್ಲಿ ಬೆಳಗಿದ ಮಹಾದೇವಿಯಕ್ಕ

ತುಮಕೂರಿನಿಂದ ಕುಣಿಗಲ್ಲಿನ ಕಡೆಗೆ ಹೋಗುವ ದಾರಿಯಲ್ಲಿರುವ ಗೂಳೂರು ಎಂದೊಡನೆ ನಮ್ಮ ಸೀಮೆಯ ಜನರಿಗೆ ನೆನಪಾಗುವುದು ದೀಪಾವಳಿಯ ವೇಳೆಗೆ ಪೂಜೆಗೊಳ್ಳುವ ಬೃಹದಾಕಾರದ ಮಣ್ಣಿನ ಗಣಪತಿ. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಈ ಊರಿನ ಹೆಸರು ನಿಂತಿರುವುದಾದರೋ ಬೇರೊಂದು ಕಾರಣದಿಂದ. ಎಡೆಯೂರಿನ ತೋಂಟದ ಸಿದ್ಧಲಿಂಗೇಶ್ವರರ ಶಿಷ್ಯರು ಬೋಳಬಸವೇಶ್ವರರು; ಅವರ ಶಿಷ್ಯರು ಗೂಳೂರು ಸಿದ್ಧವೀರಣ್ಣೊಡೆಯರು. ವಿಜಯನಗರದ ಪ್ರೌಢದೇವರಾಯನ ಕಾಲದ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲಿಗೆ ಸಂಕಲಿಸಿ, ಹಲಗೆಯಾರ್ಯನೂ ಗುಮ್ಮಳಾಪುರದ ಸಿದ್ಧಲಿಂಗಯತಿಯೂ ಪರಿಷ್ಕರಿಸಿದ ಶೂನ್ಯಸಂಪಾದನೆಗೆ ಕೊನೆಯ ರೂಪವನ್ನು ಕೊಟ್ಟವರು ಈ ಒಡೆಯರೇ. 16ನೆಯ ಶತಮಾನದಲ್ಲಿ ಅವರು ಸುಮಾರು ಒಂದೂವರೆ ಸಾವಿರ ವಚನಗಳನ್ನು ಹೆಕ್ಕಿ, ನಡುನಡುವೆ ಗದ್ಯದ ಎಳೆಯನ್ನು ನೇಯ್ದು, ಹನ್ನೆರಡನೆಯ ಶತಮಾನದ ಶರಣರನ್ನು ಪರಸ್ಪರ ಎದುರುಬದುರು ಕುಳ್ಳಿರಿಸಿ ಮಾತಾಡಿಸಿದರು. ಆ ಮಹಾಸಭೆಯೊಳಗೆ ಒಬ್ಬ ತರುಣಿ ಒಬ್ಬಂಟಿಯಾಗಿ ನಡೆದು ಬರುವ ಪ್ರಸಂಗವೊಂದಿದೆ. ಮಹಾದೇವಿಯಕ್ಕಗಳ ಸಂಪಾದನೆಯೆಂದು ಅದರ ಹೆಸರು. ಗ್ರಂಥಕ್ಕೆ ಗೂಳೂರಿನ ಹೆಸರು ಅಂಟಿಕೊಂಡಿರುವುದರಿಂದ ಆ ತರುಣಿಯ ಜೀವನವೃತ್ತಾಂತವೂ ಈ ಸೀಮೆಯ ಸ್ವತ್ತೆಂದರೆ ತಪ್ಪಾಗಲಾರದು.

ಮಹಾದೇವಿ ಹುಟ್ಟಿದ್ದು ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ. ಅಲ್ಲಮಪ್ರಭುವಿನ ಬಳ್ಳಿಗಾವೆಯೂ ಅದೇ ಸೀಮೆಯದು. ತಂದೆ ನಿರ್ಮಲಶೆಟ್ಟಿ, ತಾಯಿ ಸುಮತಿ ಎಂಬ ಹೆಸರುಗಳು ಪರಂಪರೆಯಲ್ಲಿ ರೂಢಿಯಾಗಿವೆ. ಆಕೆಯ ಕಾಲಕ್ಕೆ ಹತ್ತಿರದವನಾದ ಹರಿಹರ ಕವಿಯು ತನ್ನ ರಗಳೆಯಲ್ಲಿ ಅವರನ್ನು ಶಿವಭಕ್ತ, ಶಿವಭಕ್ತೆ ಎಂದಷ್ಟೇ ಕರೆಯುತ್ತಾನೆ. ಎಳವೆಯಲ್ಲಿಯೇ ಗುರುವಿನಿಂದ ದೀಕ್ಷೆ ಪಡೆದು, ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ಮನಸಾರೆ ವರಿಸಿಕೊಂಡ ಹುಡುಗಿ ಆಕೆ. ಮನೆಯವರು ಇದನ್ನು ಬಾಲ್ಯದ ಭಕ್ತಿಯೆಂದು ಭಾವಿಸಿ ಸಂತೋಷಪಟ್ಟಿರಬೇಕು. ಮಗಳು ಮುಂದೆ ಆ ಮಾತಿಗೇ ಅಂಟಿಕೊಂಡು ನಿಲ್ಲುವಳೆಂದು ಯಾವ ತಂದೆತಾಯಿ ತಾನೆ ಮೊದಲೇ ಊಹಿಸಬಲ್ಲರು?

ಆ ಊರನ್ನಾಳುತ್ತಿದ್ದ ಕೌಶಿಕನು ಮೆರವಣಿಗೆಯಲ್ಲಿ ಬರುತ್ತ ಆಕೆಯನ್ನು ಕಂಡನು, ಕಂಡೊಡನೆ ಮೋಹಗೊಂಡನು. ಇಲ್ಲಿಂದ ಮುಂದೆ ಕವಿಗಳ ದಾರಿ ಕವಲೊಡೆಯುತ್ತದೆ. ಹರಿಹರನ ಕಥನದಂತೆ ಅರಸನ ಕಡೆಯವರು ಬಂದು ಹೆಣ್ಣು ಕೇಳುತ್ತಾರೆ. ಅರಸನು ಶಿವಭಕ್ತನಲ್ಲವೆಂದು ತಂದೆತಾಯಿಗಳು ಹಿಂಜರಿದಾಗ ಬೆದರಿಕೆ ಎದುರಾಗುತ್ತದೆ. ಅಂಜಿದ ಹಿರಿಯರು ಮಗಳ ಮುಂದೆಯೇ ಅಂಗಲಾಚುತ್ತಾರೆ. ಹೆತ್ತವರ ಪ್ರಾಣ ಒಂದು ತಕ್ಕಡಿಯಲ್ಲಿ, ತನ್ನ ನಿಶ್ಚಯ ಇನ್ನೊಂದು ತಕ್ಕಡಿಯಲ್ಲಿ ಇರುವಾಗ ಮಹಾದೇವಿಯು ಅರಮನೆಗೆ ಹೋಗಲು ಒಪ್ಪುತ್ತಾಳೆ. ಒಪ್ಪುವ ಮುನ್ನ ಷರತ್ತುಗಳನ್ನು ಹಾಕುತ್ತಾಳೆ. ಹದಿನೈದನೆಯ ಶತಮಾನದ ಚಾಮರಸ ಕವಿಯು ಪ್ರಭುಲಿಂಗಲೀಲೆಯಲ್ಲಿ ಈ ಮದುವೆಯನ್ನೇ ಒಪ್ಪುವುದಿಲ್ಲ. ಆತನ ಮಹಾದೇವಿ ಅರಸನನ್ನು ತಿರಸ್ಕರಿಸಿ, ಉಟ್ಟುದನ್ನು ಕಳಚಿ ಹೊರನಡೆಯುತ್ತಾಳೆ. ಮದುವೆ ನಡೆಯಿತೇ ಇಲ್ಲವೇ ಎಂಬುದರ ಬಗೆಗೆ ವಿದ್ವಾಂಸರು ಪುಟಗಟ್ಟಲೆ ವಾದಿಸಿದ್ದಾರೆ. ಅಕ್ಕನ ಶೀಲಕ್ಕೆ ಕುಂದು ಬರಬಾರದೆಂಬ ಆತುರ ಆ ವಾದದಲ್ಲಿ ಅನೇಕರಿಗೆ ಇದ್ದಂತೆ ತೋರುತ್ತದೆ. ಆದರೆ ಬಲಾತ್ಕಾರಕ್ಕೆ ಸಿಲುಕಿದ ಹೆಣ್ಣಿನ ಶೀಲವನ್ನು ಅಳೆಯಹೊರಡುವುದಕ್ಕಿಂತ, ಬಲಾತ್ಕರಿಸಿದವನ ಶೀಲವನ್ನು ಅಳೆಯುವುದು ನ್ಯಾಯಕ್ಕೆ ಹತ್ತಿರ.

ಆ ಷರತ್ತುಗಳನ್ನು ಕುರಿತು ಎರಡು ಮಾತು ಹೇಳಬೇಕಾಗಿದೆ. ಅರಸನನ್ನು ಕೈಹಿಡಿಯುವ ಹೆಣ್ಣು ಏನನ್ನು ಕೇಳಬಹುದಾಗಿತ್ತು? ಒಡವೆ, ವಸ್ತ್ರ, ಪಟ್ಟದ ರಾಣಿಯ ಸ್ಥಾನ, ತವರಿಗೆ ಉಂಬಳಿ. ಮಹಾದೇವಿ ಇವಾವುದನ್ನೂ ಕೇಳಲಿಲ್ಲ. ತನ್ನ ಇಚ್ಛೆ ಬಂದಷ್ಟು ಹೊತ್ತು ಲಿಂಗಪೂಜೆಯಲ್ಲಿರುವ ಸ್ವಾತಂತ್ರ್ಯ, ತನ್ನ ಇಚ್ಛೆ ಬಂದಂತೆ ಮಾಹೇಶ್ವರರ ಗೋಷ್ಠಿಯಲ್ಲಿರುವ ಸ್ವಾತಂತ್ರ್ಯ, ತನ್ನ ಇಚ್ಛೆ ಬಂದಂತೆ ಗುರುಸೇವೆಯಲ್ಲಿರುವ ಸ್ವಾತಂತ್ರ್ಯ, ಇವಿಷ್ಟನ್ನೇ ಕೇಳಿದಳು. ಈ ಮಾತಿಗೆ ಮೂರು ಬಾರಿ ತಪ್ಪಿದರೆ ಕ್ಷಮಿಸುವೆನು, ಅದರಾಚೆಗೆ ತನಗೆ ಬಂಧನವಿಲ್ಲವೆಂದು ಸ್ಪಷ್ಟಪಡಿಸಿದಳು. ಇದನ್ನು ನಮ್ಮ ಕಾಲದ ಮಾತಿಗೆ ತಂದರೆ ಏನಾಗುತ್ತದೆ? ತನ್ನ ಹೊತ್ತು ತನ್ನದು, ತನ್ನ ಸಹವಾಸ ತನ್ನದು, ತನ್ನ ಕಲಿಕೆ ತನ್ನದು ಎಂದಾಗುತ್ತದೆ. ಮದುವೆಯ ಮಾತುಕತೆ ಬಂದೊಡನೆ ಹೆಣ್ಣುಮಕ್ಕಳ ಕೈಯಿಂದ ಮೊದಲು ಜಾರಿಹೋಗುವ ವಸ್ತುಗಳು ಇವೇ ಮೂರು ಎಂಬುದನ್ನು, ಪ್ರೌಢಶಾಲೆಯ ಹಾಜರಿ ಪುಸ್ತಕವನ್ನು ವರುಷಗಳಿಂದ ಬರೆದುಕೊಂಡು ಬಂದ ಉಪಾಧ್ಯಾಯರಿಗೆ ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ನಾಡಿನ ಕಾನೂನು ಈ ವಿಷಯಕ್ಕೆ ಕೈಹಾಕಿದ್ದು ಬಹಳ ತಡವಾಗಿ. ಮೈಸೂರು ಸಂಸ್ಥಾನದಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ತಡೆಯುವ ಶಾಸನ ಬಂದದ್ದು 1894ರಲ್ಲಿ. ಶಾರದಾ ಶಾಸನವೆಂದು ಹೆಸರಾದ 1929ರ ಕಾಯಿದೆ ಆ ವಯಸ್ಸನ್ನು ಹದಿನಾಲ್ಕಕ್ಕೂ, 1978ರ ತಿದ್ದುಪಡಿ ಹದಿನೆಂಟಕ್ಕೂ ಏರಿಸಿದವು. ಇವೆಲ್ಲವೂ ವಯಸ್ಸಿನ ಲೆಕ್ಕಾಚಾರ. ಹುಡುಗಿಯ ಮನಸ್ಸಿನಲ್ಲಿ ಏನಿದೆಯೆಂದು ಕೇಳುವ ಗೋಜಿಗೆ ಅವು ಅಷ್ಟಾಗಿ ಹೋಗಲಿಲ್ಲ. ಉಡುತಡಿಯ ಹುಡುಗಿಯು ಯಾರೂ ಕೇಳದಿದ್ದರೂ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದಳು. ಹೇಳಿದ್ದಕ್ಕೆ ಸಾಕ್ಷಿ ಇರಲೆಂಬಂತೆ ಅರಸನ ಬಾಯಿಂದ ಒಪ್ಪಿಗೆಯನ್ನೂ ಪಡೆದಳು.

ಒಪ್ಪಿದ ಅರಸನು ನುಡಿಗೆ ನಿಲ್ಲಲಿಲ್ಲ. ಒಂದಾದ ಮೇಲೊಂದರಂತೆ ಮೂರು ಸಲ ತಪ್ಪಿದನು. ಕೊನೆಯ ಸಲ, ಗುರುವಿನ ಬರವಿನ ಸಂದರ್ಭದಲ್ಲಿ ಅವನು ಆಕೆಯ ಉಡುಗೆಯ ಮಾತನ್ನೇ ಎತ್ತಿ ಹೀಯಾಳಿಸಿದಾಗ, ಮಹಾದೇವಿಯು ಅವನು ಕೊಟ್ಟ ಉಡುಗೆಯನ್ನು ಅವನಿಗೇ ಬಿಟ್ಟು ಅರಮನೆಯ ಬಾಗಿಲು ದಾಟಿದಳು. ಕೋಪದ ಆವೇಶದಲ್ಲಿ ಎದ್ದುಹೋದ ಹೆಣ್ಣಿನ ನಡೆ ಇದಲ್ಲ. ಮೊದಲೇ ಆಡಿದ ಮಾತಿನಂತೆ, ಎಣಿಸಿ, ಕಾದು, ಅವಧಿ ತೀರಿದ ಮೇಲೆ ಹೊರಟ ನಡೆ. ಆಕೆಯ ನಿರ್ವಾಣವನ್ನು ಚಿತ್ರಿಸುವ ಕಲಾವಿದರು ನೀಳವಾದ ಕೇಶರಾಶಿಯನ್ನು ಶ್ರದ್ಧೆಯಿಂದ ಬಿಡಿಸುತ್ತಾರೆ. ಈ ಎಣಿಕೆಯ ಸಂಯಮವನ್ನು ಚಿತ್ರಿಸುವುದು ಕುಂಚಕ್ಕೆ ಕಷ್ಟವೇ ಸರಿ.

ಒಬ್ಬಂಟಿ ಹೆಣ್ಣು ಮಲೆನಾಡಿನ ಅಂಚಿನಿಂದ ಬಯಲುಸೀಮೆಯ ಕಲ್ಯಾಣದವರೆಗೆ ನಡೆದ ದಾರಿ ಸಾಮಾನ್ಯವಾದುದಲ್ಲ. ಹಸಿವಾದರೆ ಊರಿನ ಭಿಕ್ಷೆ, ಬಾಯಾರಿದರೆ ಕೆರೆಬಾವಿಗಳ ನೀರು, ಇರುಳಿಗೆ ಪಾಳುದೇಗುಲ ಎಂಬ ಬದುಕು ಅದು. ದಾರಿಯಲ್ಲಿ ಕಾಡಿದವರೂ ಇದ್ದರು, ಕೈಮುಗಿದವರೂ ಇದ್ದರು. ಆಕೆಯ ವಚನಗಳಲ್ಲಿ ಗಿಡ ಮರ ಗಿಳಿ ಕೋಗಿಲೆಗಳೊಡನೆ ನಡೆಸಿದ ಸಂಭಾಷಣೆ ಎಷ್ಟು ಕೋಮಲವೋ, ಬೆನ್ನುಹತ್ತಿ ಬಂದ ಗಂಡಸರಿಗೆ ಕೊಟ್ಟ ಉತ್ತರ ಅಷ್ಟೇ ನಿಷ್ಠುರ. ತಾಯಂದಿರ ದಿನದಂದೋ ಜಯಂತಿಯಂದೋ ನಾವು ಮೊದಲನೆಯವನ್ನು ಹಾಡಿಸುತ್ತೇವೆ. ಎರಡನೆಯವನ್ನು ಹಾಡಿಸುವುದು ಕಡಿಮೆ.

ಸಿದ್ಧವೀರಣ್ಣೊಡೆಯರ ಲೇಖನಿಯ ಸತ್ತ್ವ ಕಾಣುವುದು ಕಲ್ಯಾಣದ ಪ್ರವೇಶದಲ್ಲಿ. ಅಲ್ಲಿ ಆಕೆಯನ್ನು ಮೊದಲು ಎದುರುಗೊಳ್ಳುವವನು ಕಿನ್ನರಿ ಬೊಮ್ಮಯ್ಯ. ಪರೀಕ್ಷಿಸಲೆಂದು ಬಂದ ಆ ಶರಣನು ತಾನೇ ಪರೀಕ್ಷೆಯಲ್ಲಿ ಸೋತು, ಆಕೆಯ ನಿಲುವಿಗೆ ತಲೆಬಾಗುತ್ತಾನೆ. ಮುಂದೆ ಸಭೆ. ಬಸವಣ್ಣ, ಚೆನ್ನಬಸವಣ್ಣ ಮೊದಲಾದ ಹಿರಿಯರು ನೆರೆದಿದ್ದಾರೆ. ಅಲ್ಲಮಪ್ರಭು ಪ್ರಶ್ನೆ ಕೇಳಲು ತೊಡಗುತ್ತಾನೆ. ದಣಿದು ಬಂದ ಹೆಣ್ಣುಮಗಳನ್ನು ಆತ ಉಪಚಾರದ ಮಾತಿನಿಂದ ಬರಮಾಡಿಕೊಳ್ಳುವುದಿಲ್ಲ. ತುಂಬು ಜವ್ವನದ ನೀನು ಇಲ್ಲಿಗೇಕೆ ಬಂದೆ, ನಿನ್ನ ಗಂಡ ಯಾರೆಂಬ ಕುರುಹು ಹೇಳಿದರೆ ಕುಳಿತುಕೋ, ಇಲ್ಲವಾದರೆ ಹೊರಡು ಎಂಬಂತಹ ಕಟು ಪ್ರಶ್ನೆಯನ್ನೇ ಮುಂದಿಡುತ್ತಾನೆ.

ಯಾವ ಊರಿನ ಅರಳಿಕಟ್ಟೆಯಲ್ಲಿಯಾದರೂ ಅಪರಿಚಿತ ಹೆಣ್ಣಿಗೆ ಎದುರಾಗುವ ಪ್ರಶ್ನೆ ಇದೇ ಅಲ್ಲವೇ? ಶರಣರ ಸಭೆಯಲ್ಲಿಯೂ ಅದೇ ಮೊದಲ ಪ್ರಶ್ನೆಯಾದುದನ್ನು ಗೂಳೂರಿನ ಒಡೆಯರು ಮುಚ್ಚಿಡಲಿಲ್ಲ. ಸಭೆಗೆ ಬಂದ ಪುರುಷ ಶರಣರನ್ನು ನಿನ್ನ ಹೆಂಡತಿ ಯಾರೆಂದು ಕೇಳಿ ಬಾಗಿಲಲ್ಲಿ ನಿಲ್ಲಿಸಿದ ಪ್ರಸಂಗವು ಅದೇ ಗ್ರಂಥದಲ್ಲಿ ಕಾಣಸಿಗದು ಎಂಬುದನ್ನು ಎಚ್ಚರದ ಓದುಗರು ಗಮನಿಸದಿರಲಾರರು. ಅಲ್ಲಮನ ಉದ್ದೇಶ ಆಕೆಯ ಅರಿವನ್ನು ಸಭೆಗೆ ತೋರಿಸಿಕೊಡುವುದಾಗಿತ್ತು ಎಂದು ವ್ಯಾಖ್ಯಾನಕಾರರು ಸಮಾಧಾನ ಹೇಳುತ್ತಾರೆ. ಅದು ನಿಜವೂ ಇರಬಹುದು. ಆದರೂ ಪ್ರಶ್ನೆಯ ಮೊನೆ ಹೆಣ್ಣಿಗಾಗಿಯೇ ಮಸೆದದ್ದು.

ಮಹಾದೇವಿಯು ಆ ಮೊನೆಗೆ ಹೆದರಲಿಲ್ಲ. ಪ್ರಶ್ನೆಯೇ ಸಲ್ಲದೆಂದು ಸಿಟ್ಟಾಗಲೂ ಇಲ್ಲ. ಸಾವಿಲ್ಲದ, ಕೇಡಿಲ್ಲದ, ರೂಪಿಲ್ಲದ ಚೆಲುವನೇ ತನ್ನ ಗಂಡನೆಂದೂ, ಸಾಯುವ ಕೆಡುವ ಗಂಡರೊಡನೆ ತನಗೆ ಕೆಲಸವಿಲ್ಲವೆಂದೂ ಉತ್ತರಿಸಿದಳು. ಅಲ್ಲಮನು ಅಷ್ಟಕ್ಕೇ ಬಿಡುವವನಲ್ಲ. ಉಟ್ಟುದನ್ನೆಲ್ಲ ಬಿಟ್ಟವಳು ಕೂದಲಿನಿಂದ ಮೈಮರೆಮಾಡಿಕೊಂಡಿರುವುದೇಕೆ, ಅಲ್ಲಿಗೆ ಲಜ್ಜೆ ಇನ್ನೂ ಅಳಿದಿಲ್ಲವೆಂದಾಯಿತಲ್ಲ ಎಂದು ತರ್ಕ ಹೂಡಿದನು. ತನ್ನ ಮೈ ತನಗೆ ತೊಡಕಲ್ಲ, ನೋಡುವವರಿಗೆ ತೊಡಕಾದೀತೆಂಬ ಕಾರಣಕ್ಕಾಗಿ ಈ ಮರೆ ಎಂಬುದು ಆಕೆಯ ಉತ್ತರದ ತಾತ್ಪರ್ಯ. ಪ್ರಶ್ನೆ ಆಕೆಯ ಲಜ್ಜೆಯನ್ನು ಕುರಿತದ್ದು. ಉತ್ತರ ಸಭೆಯ ಕಣ್ಣನ್ನು ಕುರಿತದ್ದು. ಎಂಟು ನೂರು ವರ್ಷಗಳು ಕಳೆದರೂ ಹೆಣ್ಣುಮಕ್ಕಳ ಉಡುಗೆಯ ವಿಷಯ ಎದ್ದಾಗಲೆಲ್ಲ ನಮ್ಮ ಸಭೆಗಳು ಈ ಉತ್ತರದ ಮುಂದೆ ನಿರುತ್ತರವಾಗಿ ಕುಳಿತುಕೊಳ್ಳಬೇಕಾಗುತ್ತದೆ.

ಸಂವಾದ ಹೀಗೆಯೇ ಮುಂದುವರಿಯುತ್ತದೆ. ಕಾಯವನ್ನು ಗೆದ್ದೆನೆಂಬುದು ಸುಲಭದ ಮಾತಲ್ಲವೆಂದು ಅಲ್ಲಮನು ಒತ್ತುತ್ತಾನೆ. ಒಂದೊಂದು ಒತ್ತಿಗೂ ಆಕೆಯ ಮಾತು ಇನ್ನಷ್ಟು ತಿಳಿಯಾಗುತ್ತದೆ. ಹೆಣ್ಣೆಂಬ ರಿಯಾಯಿತಿಯನ್ನು ಆತ ಕೊಡಲಿಲ್ಲ, ಆಕೆ ಕೇಳಲೂ ಇಲ್ಲ. ಸಿದ್ಧರಾಮನಂತಹ ಮಹಾಯೋಗಿಯನ್ನು ಯಾವ ನಿಕಷಕ್ಕೆ ಒಡ್ಡಲಾಯಿತೋ ಆಕೆಯನ್ನೂ ಅದೇ ನಿಕಷಕ್ಕೆ ಒಡ್ಡಲಾಯಿತು. ಸಭೆಯ ಗೌರವವಿದ್ದುದು ಈ ಕಾಠಿಣ್ಯದಲ್ಲಿ. ಪಾಠಶಾಲೆಗಳಲ್ಲಿ ಹುಡುಗಿಯರಿಗೆ ಸುಲಭದ ಲೆಕ್ಕವನ್ನೂ ಹುಡುಗರಿಗೆ ಕಠಿಣದ ಲೆಕ್ಕವನ್ನೂ ಕೊಡುವ ದಯೆ ಒಂದು ಕಾಲಕ್ಕೆ ರೂಢಿಯಲ್ಲಿತ್ತು. ಅಂತಹ ದಯೆಯಲ್ಲಿ ಅಡಗಿರುವ ಅವಮಾನ ಅಲ್ಲಮನ ನಿಷ್ಠುರತೆಯಲ್ಲಿ ಇರಲಿಲ್ಲ.

ಕೊನೆಗೆ ಆ ಸಭೆಯು ಆಕೆಯನ್ನು ಅಕ್ಕ ಎಂದು ಕರೆಯಿತು. ವಯಸ್ಸಿನಲ್ಲಿ ಆಕೆ ಅಲ್ಲಿದ್ದ ಅನೇಕರಿಗೆ ಮಗಳ ಸಮಾನಳು. ಅಕ್ಕ ಎಂಬ ಶಬ್ದವು ನಮ್ಮ ಮನೆಗಳಲ್ಲಿ ಕಿರಿಯರು ಹಿರಿಯಳಿಗೆ ಸಲ್ಲಿಸುವ ಮರ್ಯಾದೆ. ಅದನ್ನು ತಲೆನರೆತ ಹಿರಿಯರು ತರುಣಿಗೆ ಸಲ್ಲಿಸಿದರು. ಆದ್ಯರ ಹತ್ತಾರು ವಚನಗಳಿಗೆ ಆಕೆಯ ಒಂದು ವಚನ ಸಾಟಿಯೆಂಬ ಅರ್ಥದಲ್ಲಿ ಚೆನ್ನಬಸವಣ್ಣನು ಆಕೆಯ ಮಾತನ್ನು ತೂಗಿ ಕೊಂಡಾಡಿದನು.

ಈ ಪ್ರಸಂಗವೊಂದೇ ಆಗಿದ್ದರೆ ಸಿದ್ಧವೀರಣ್ಣೊಡೆಯರು ಒಬ್ಬ ಅಪೂರ್ವ ಸ್ತ್ರೀಯನ್ನು ಮಾತ್ರ ಗೌರವಿಸಿದರೆಂದು ಹೇಳಿ ಸುಮ್ಮನಾಗಬಹುದಾಗಿತ್ತು. ಆದರೆ ಅವರ ಗ್ರಂಥವನ್ನು ಇನ್ನಷ್ಟು ತಿರುವಿ ನೋಡಿದರೆ ಅಣ್ಣ ಅಜಗಣ್ಣನ ಅಗಲಿಕೆಯಿಂದ ಕಂಗೆಟ್ಟ ಮುಕ್ತಾಯಕ್ಕ ಸಾಕ್ಷಾತ್ ಅಲ್ಲಮನೊಡನೆಯೇ ವಾದಕ್ಕೆ ನಿಲ್ಲುತ್ತಾಳೆ, ಸುಲಭಕ್ಕೆ ಒಪ್ಪಿಕೊಳ್ಳುವುದಿಲ್ಲ. ಬಡತನದಲ್ಲಿ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ, ಅದು ಆಸೆಯ ಅಕ್ಕಿಯೆಂದು ಗುರುತಿಸಿ, ತಂದಲ್ಲಿಗೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದವಳು ಮಡದಿ ಲಕ್ಕಮ್ಮ. ಸೌದೆ ಮಾರಿ ಜಂಗಮದಾಸೋಹ ನಡೆಸುತ್ತಿದ್ದ ಮೋಳಿಗೆಯ ಮಾರಯ್ಯನಿಗೆ ಅರಿವಿನ ಕೊನೆಯ ಮೆಟ್ಟಿಲನ್ನು ತೋರಿದವಳು ಆತನ ಪತ್ನಿ ಮಹಾದೇವಿ. ಗಂಡನ ಹೆಸರಿನ ಸಂಪಾದನೆಯಲ್ಲಿ ಹೆಂಡತಿಯೇ ಗುರುಸ್ಥಾನದಲ್ಲಿರುವ ವಿಚಿತ್ರ ಅಲ್ಲಿಯದು. ವಚನಗಳನ್ನು ರಚಿಸಿದ ಶರಣೆಯರು ಮೂವತ್ತಕ್ಕೂ ಹೆಚ್ಚು ಮಂದಿ ಸಿಗುತ್ತಾರೆ. ಅವರಲ್ಲಿ ಕಸಗುಡಿಸುವ ಕಾಯಕದ ಸತ್ಯಕ್ಕ, ನೂಲುವ ಕದಿರೆಯ ರೆಮ್ಮವ್ವೆ ಮೊದಲಾದ ದುಡಿಮೆಯ ಹೆಂಗಸರೂ ಸೇರಿದ್ದಾರೆ. ಮಹಾದೇವಿಯಕ್ಕ ಒಂಟಿ ನಕ್ಷತ್ರವಲ್ಲ.

ಇಷ್ಟೆಲ್ಲವನ್ನು ಸಂಗ್ರಹಿಸಿಟ್ಟ ಗ್ರಂಥವು ತಾಳೆಗರಿಗಳಲ್ಲಿಯೇ ಬಹುಕಾಲ ಉಳಿಯಿತು. ಮಠಗಳ ಗಂಟುಗಳಲ್ಲಿ ಪೂಜೆಗೊಳ್ಳುತ್ತಿದ್ದ ಓಲೆಗಳನ್ನು ಬಿಚ್ಚಿ ಓದುವವರು ವಿರಳವಾಗಿದ್ದ ದಿನಗಳಲ್ಲಿ, ಬಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಸ್ವಂತ ಗಳಿಕೆಯನ್ನೇ ಸುರಿದು ವಚನಗಳನ್ನು ಅಚ್ಚಿಗೆ ತರಲು ಟೊಂಕ ಕಟ್ಟಿದರು. 1930ರಲ್ಲಿ ಅವರ ಸಂಪಾದಕತ್ವದಲ್ಲಿ ಶೂನ್ಯಸಂಪಾದನೆ ಬೆಳಕು ಕಂಡಿತು. 1958ರಲ್ಲಿ ಸಂ. ಶಿ. ಭೂಸನೂರಮಠರ ಪರಿಷ್ಕರಣ ಹೊರಬಂದಿತು. 1965ರಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಗೂಳೂರಿನ ಪಾಠವನ್ನು ಐದು ಸಂಪುಟಗಳ ಇಂಗ್ಲಿಷ್ ಅನುವಾದವಾಗಿ ಪ್ರಕಟಿಸಿದ ಮೇಲೆ ಕನ್ನಡವರಿಯದವರಿಗೂ ಆ ಸಭೆಯ ಬಾಗಿಲು ತೆರೆಯಿತು. ಬಿಜಾಪುರದಲ್ಲಿ 2003ರಲ್ಲಿ ಸ್ಥಾಪಿತವಾದ ರಾಜ್ಯದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕನ ಹೆಸರನ್ನಿಡಲಾಯಿತು. ಗುರುಸೇವೆಯ ಸ್ವಾತಂತ್ರ್ಯವನ್ನು ಷರತ್ತಾಗಿ ಕೇಳಿದವಳ ಹೆಸರು ವಿದ್ಯಾಮಂದಿರಕ್ಕೆ ಸಲ್ಲುವುದು ಉಚಿತವೇ.

ಕಲ್ಯಾಣದಲ್ಲಿ ಆಕೆಗೆ ದೊರೆತ ಆದರ ಅಲ್ಪವಾದುದಲ್ಲ. ಬಯಸಿದ್ದರೆ ಬಸವಣ್ಣನ ಮಹಾಮನೆಯಲ್ಲಿ ಶರಣೆಯರ ನಡುವೆ ನೆಮ್ಮದಿಯಿಂದ ಇರಬಹುದಾಗಿತ್ತು. ಆಕೆ ಅಲ್ಲಿಯೂ ನಿಲ್ಲಲಿಲ್ಲ. ತವರೆಂದು ಕರೆದು, ತವರಿನವರ ಹರಕೆ ಹೊತ್ತು ಗಂಡನ ಮನೆಗೆ ಹೊರಟ ಮಗಳಂತೆ ಆ ಸಭೆಯಿಂದ ಬೀಳ್ಕೊಂಡು ಶ್ರೀಶೈಲದ ಕಡೆಗೆ ನಡೆದಳು. ಹರಿಹರನ ಕಾವ್ಯದಲ್ಲಿ ತಂದೆತಾಯಿಗಳು ಮಗಳನ್ನು ಅರಸಿಕೊಂಡು ಆ ಬೆಟ್ಟದವರೆಗೂ ಬರುತ್ತಾರೆ. ಕೌಶಿಕನೂ ವೇಷ ಬದಲಿಸಿಕೊಂಡು ಬರುತ್ತಾನೆ. ಹೆತ್ತವರ ಕಣ್ಣೀರು ಒಂದು ಕಡೆ, ಪಶ್ಚಾತ್ತಾಪದ ಮುಖವಾಡ ಇನ್ನೊಂದು ಕಡೆ. ಎರಡೂ ಆಕೆಯನ್ನು ಹಿಂದಕ್ಕೆ ಕರೆದೊಯ್ಯಲಾರದೆ ಹೋದವು. ಒಮ್ಮೆ ಅವರ ಪ್ರಾಣಕ್ಕಾಗಿ ತನ್ನ ಬದುಕನ್ನು ಒತ್ತೆಯಿಟ್ಟ ಮಗಳು ಎರಡನೆಯ ಸಲ ಒತ್ತೆಯಿಡಲಿಲ್ಲ.

ಕದಳಿಯ ಬನದಲ್ಲಿ ಆಕೆಯ ಬಾಳು ಕೊನೆಗೊಂಡಿತೆಂದು ಹೇಳುತ್ತಾರೆ. ಆಗ ಆಕೆಗೆ ತುಂಬು ತಾರುಣ್ಯವೆಂದು ಪರಂಪರೆಯ ನಂಬಿಕೆ. ಹಿಂದೆ ಉಳಿದದ್ದು ನಾಲ್ಕು ನೂರಕ್ಕೂ ಮಿಕ್ಕ ವಚನಗಳು ಮತ್ತು ಯೋಗಾಂಗ ತ್ರಿವಿಧಿ. ಶ್ರೀಶೈಲದಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದ ಮೇಲೆ ಕಣಿವೆಯ ನೀರು ಹರಡಿ ನಿಂತಿದೆ. ಆಕೆಯ ಹೆಸರಿನ ಗವಿಯನ್ನು ಕಾಣಬಯಸುವ ಯಾತ್ರಿಕರು ದೋಣಿಯೇರಿ ಆ ನೀರಿನ ಮೇಲೆ ಸಾಗಿ, ಕಾಡಿನ ದಡದಲ್ಲಿಳಿದು, ಬಂಡೆಯ ಕಮಾನಿನ ಕೆಳಗಿನಿಂದ ಕತ್ತಲೆಯ ಇಕ್ಕಟ್ಟು ದಾರಿಯಲ್ಲಿ ಒಬ್ಬೊಬ್ಬರಾಗಿ ಒಳಹೋಗುತ್ತಾರೆ.